ಅಪ್‌ಡೇಟ್: ಮಳೆಮಾಪಕಕ್ಕೆ ಡಿಸ್‌ಪ್ಲೇ ಬೇಕಾ ಬೇಡ್ವಾ ಜಗಳ ಮುಗೀತು

ಹೋದ ವಾರ ಕೇಳಿದ್ದೆ. ಕೊಡಗಿನ ತೋಟಗಳಿಗೆ ನಾವು ನಾಲ್ಕಾರು ಜನ ಬಿಡುವಿನಲ್ಲಿ ಮಾಡುವ ಮಳೆಮಾಪಕಕ್ಕೆ ಡಿಸ್‌ಪ್ಲೇ ಬೇಕು ಅಂತ ಬೆಳೆಗಾರರು, ಬ್ಯಾಟರಿ ನಿಲ್ಲಲ್ಲ ಅಂತ ಸರ್ಕ್ಯೂಟ್ ಬೋರ್ಡ್ ಮಾಡುವವರು. ಏನು ಮಾಡಲಿ ಅಂತ.

ಮತ ಹಾಕಿಸಿ ಅಂದಿರಿ, ಹಾಕಿಸಿದೆ. ಪ್ರಯೋಜನ ಆಗಲಿಲ್ಲ. ಕೈ ಎತ್ತಿದವರೆಲ್ಲ ಬೆಸುಗೆ ಹಾಕಲು ಬರಲ್ಲ ಅಲ್ವಾ!

"ಏನು ಬೇಕು ಅಂತಲ್ಲ, ಯಾಕೆ ಬೇಕು ಅಂತ ಕೇಳಿ" ಎಂದವರ ಮಾತು ಕೆಲಸ ಮಾಡಿತು. ಸೋಮವಾರಪೇಟೆ ಕಡೆಯ ಹಿರಿಯರೊಬ್ಬರು ನಕ್ಕರು. "ಮಳೆಗಾಲದಲ್ಲಿ ಫೋನಿಗೆ ನೆಟ್‌ವರ್ಕ್ ಎಲ್ಲಿರುತ್ತೆ ಮಗ? ಬೆಳಿಗ್ಗೆ ಒಂದು ಸಲ ನೋಡಿ, ಎಷ್ಟು ಸೆಂಟ್ ಬಿತ್ತು ಅಂತ ಡೈರಿಯಲ್ಲಿ ಬರೆದರೆ ಸಾಕು."

ಸೆಂಟ್! ನಾವು ಸುಮ್ನೆ ಫೋನಿಗೆ ಮಿಲಿಮೀಟರ್ ಲೆಕ್ಕ ಕಳಿಸುತ್ತಿದ್ದೆವು. 100 ಸೆಂಟ್ ಅಂದರೆ 1 ಇಂಚು, ಅಂದರೆ 25.4 ಮಿ.ಮೀ. ಕೋಡ್‌ನಲ್ಲಿ ಒಂದೇ ಸಾಲು ಬದಲಾಯಿತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಈಗ ಒಂದು ಬಟನ್ ಇದೆ. ಒತ್ತಿದರೆ ಹತ್ತು ಸೆಕೆಂಡ್ ಡಿಸ್‌ಪ್ಲೇ ಹತ್ತುತ್ತೆ, ಆಮೇಲೆ ಇಎಸ್‌ಪಿ32 (ಮಾಪಕ ನಡೆಸುವ ಚಿಪ್) ಮತ್ತೆ ಡೀಪ್ ಸ್ಲೀಪ್‌ಗೆ, ಅಂದರೆ ಬ್ಯಾಟರಿ ಉಳಿಸುವ ಗಾಢ ನಿದ್ದೆಗೆ. ಜಾಸ್ತಿ ವಿರೋಧಿಸಿದ್ದ ಹುಡುಗನೇ ಅದನ್ನು ಬೆಸೆದುಕೊಟ್ಟ. ಗಾಳಿಯ ವೇಗವನ್ನೂ ಅಳೆಯಬೇಕು ಅನ್ನೋ ಇನ್ನೊಂದು ಬೇಡಿಕೆ ಮಾತ್ರ ಇನ್ನೂ ಬಾಕಿ.