ಹಕ್ಕಿಗಳ ವರ್ತನೆ ಮತ್ತು ವಿಕಾಸದ ಅಧ್ಯಯನವನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ಕಕ್ಕಬ್ಬೆಯ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಾವು ಕೊಡಗಿನ ಕಕ್ಕಬ್ಬೆಯ ಕಡೆಯವರು. ಕಾಫಿ, ಕರಿಮೆಣಸನ್ನು ನಂಬಿ ಬದುಕುವವರು. ದ್ವಿತೀಯ ಪಿಯುಸಿ ಓದುತ್ತಿರುವ ಮಗಳು, ಮನೆಯವರೆಲ್ಲ ನೀಟ್ ಪರೀಕ್ಷೆಯ ಮಾತಾಡುತ್ತಿರುವಾಗ, ತಾನು ಹಕ್ಕಿಗಳ ವರ್ತನೆ ಮತ್ತು ವಿಕಾಸವನ್ನು ಅಧ್ಯಯನ ಮಾಡುವ ಪ್ರಾಣಿಶಾಸ್ತ್ರಜ್ಞೆ ಆಗುವುದಾಗಿ ಹೇಳಿದ್ದಾಳೆ. ಇದು ಹುಡುಗಾಟದ ಮಾತಲ್ಲ ಎಂದು ನನಗೆ ಅನ್ನಿಸಿದ್ದು ಅವಳ ನೋಟ್‌ಬುಕ್ ನೋಡಿದ ಮೇಲೆ. ನಮ್ಮ ಕಣದ ಅಂಚಿನ ಹಾಲುವಾಣದ ಮರದಲ್ಲಿ ಒಂದು ಭೀಮರಾಜ ಕೂರುತ್ತದೆ; ಬಾಲದಿಂದ ತಂತಿಯಂಥ ಎರಡು ಗರಿಗಳನ್ನು ಇಳಿಬಿಟ್ಟ ಕಪ್ಪು ಕಾಜಾಣ. ಅದು ಬೇರೆ ಪ್ರಾಣಿಗಳ ಕೂಗನ್ನು ಅನುಕರಿಸುವುದನ್ನು ಅವಳು ಡಿಸೆಂಬರಿನಿಂದ ಬರೆದಿಡುತ್ತಿದ್ದಾಳೆ: ಬೆಳಿಗ್ಗೆ 6.40ಕ್ಕೆ ಗಿಡುಗ, 6.52ಕ್ಕೆ ಹರಟೆಮಲ್ಲ, 7.05ಕ್ಕೆ ನಮ್ಮ ಮನೆಯ ಬೆಕ್ಕು.

ನೆಂಟರು "ಹಕ್ಕಿ ನೋಡಿದರೆ ಹೊಟ್ಟೆ ತುಂಬುತ್ತದೆಯೇ" ಎನ್ನುತ್ತಾರೆ. ಉತ್ತರ ಕೊಡಲು ನನಗೂ ಗೊತ್ತಿಲ್ಲ. ಏನು ಓದಬೇಕು, ಎಷ್ಟು ವರ್ಷ, ಸಂಬಳವೆಂಬುದು ಇದೆಯೇ, ಮತ್ತು ಇಂಥ ವಿಜ್ಞಾನಿ ದಿನವಿಡೀ ನಿಜಕ್ಕೂ ಏನು ಮಾಡುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಸೋಮವಾರಪೇಟೆಯಿಂದ ಹೋದ ಸಂಶೋಧಕಿ:

ಮಾನ್ಯರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ನಿಮ್ಮ ಮಗಳ ನೋಟ್‌ಬುಕ್ಕಿನಲ್ಲೇ ಅರ್ಧ ಇದೆ. ಹಕ್ಕಿಯನ್ನು ಗುರುತಿಸುವುದು ಒಂದು ವಿದ್ಯೆ. ಹಕ್ಕಿ ಹಾಗೆ ಮಾಡುವುದೇಕೆ ಎಂದು ಕೇಳಿ, ಅದಕ್ಕೆ ಪರೀಕ್ಷೆಯೊಡ್ಡುವುದು ಇನ್ನೊಂದು. ನಮ್ಮ ವೃತ್ತಿ ಎರಡನೆಯದು.

ಕಾರ್ಲ್ ಫಾನ್ ಫ್ರಿಶ್ ಮತ್ತು ಕೊನ್ರಾಡ್ ಲೊರೆಂಜ್ ಅವರೊಡನೆ 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಪ್ರಾಣಿವರ್ತನೆಯ ವಿಜ್ಞಾನಿ ನಿಕೋ ಟಿನ್‌ಬರ್ಗನ್ ಅವರು, ಯಾವುದೇ ವರ್ತನೆಯನ್ನು ನಾಲ್ಕು ಕಡೆಯಿಂದ ಪ್ರಶ್ನಿಸಬೇಕೆಂದು 1963ರಲ್ಲೇ ಬರೆದಿದ್ದರು. ನಿಮ್ಮ ಕಣದ ಭೀಮರಾಜನಿಗೆ ಅದನ್ನು ಅನ್ವಯಿಸಿದರೆ ಹೀಗಾಗುತ್ತದೆ: ಬೆಕ್ಕಿನ ದನಿಯನ್ನು ಅದರ ಗಂಟಲು ಹೇಗೆ ಹೊರಡಿಸುತ್ತದೆ, ಮರಿಯಾಗಿದ್ದಾಗ ಅದನ್ನು ಯಾರಿಂದ ಕಲಿಯಿತು, ಬೆಕ್ಕಿನಿಂದಲೋ ಇನ್ನೊಂದು ಭೀಮರಾಜನಿಂದಲೋ, ಹಾಗೆ ಕೂಗುವುದರಿಂದ ಅದಕ್ಕೇನು ಲಾಭ, ಕಾಜಾಣಗಳ ವಂಶದಲ್ಲಿ ಈ ಅನುಕರಣೆ ಯಾವ ಹಂತದಲ್ಲಿ ಹುಟ್ಟಿಕೊಂಡಿತು. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಭೀಮರಾಜನ ಹತ್ತಿರದ ಸಂಬಂಧಿಯೊಂದರ ಮೇಲೆ ಮೂರನೆಯ, ಅಂದರೆ ಲಾಭದ ಪ್ರಶ್ನೆಯನ್ನಿಟ್ಟುಕೊಂಡು ಕೆಲಸ ನಡೆದಿದೆ. ಅಲ್ಲಿ ಧ್ವನಿಮುದ್ರಣಗಳನ್ನು ಕೇಳಿಸಿ ನೋಡಿದಾಗ, ಅನುಕರಣೆ ಬೆರೆತ ಹಾಡಿಗೆ ಬೇರೆ ಜಾತಿಯ ಹಕ್ಕಿಗಳು ಹೆಚ್ಚಾಗಿ ಹತ್ತಿರ ಬಂದವು. ಹಲವು ಜಾತಿಗಳು ಒಟ್ಟಾಗಿ ಮೇಯುವಾಗ ಎಲೆಗಳಿಂದ ಎದ್ದು ಹಾರುವ ಹುಳುಗಳು ಕಾಜಾಣದ ಪಾಲಾಗುತ್ತವೆ. ಹಾಗಾಗಿ ಗುಂಪನ್ನು ಕರೆದು ಸೇರಿಸುವುದು ಅದಕ್ಕೆ ಲಾಭದ ಕೆಲಸವೇ.

ನಿಮ್ಮ ಮಗಳ ನೋಟ್‌ಬುಕ್ಕಿನಲ್ಲಿ ಹೊತ್ತು ಇದೆ, ಕೂಗು ಇದೆ. ಆ ಕ್ಷಣದಲ್ಲಿ ಸುತ್ತ ಯಾರಿದ್ದರು ಎಂಬ ಕಾಲಮ್ ಇಲ್ಲ. ಅದನ್ನು ಸೇರಿಸಲಿ. ಯಾರೂ ಇಲ್ಲದಿದ್ದರೆ "ಯಾರೂ ಇಲ್ಲ" ಎಂದೇ ಬರೆಯಲಿ, ಖಾಲಿ ಬಿಡಬಾರದು.

ಕೆಲವೊಮ್ಮೆ ಬರೀ ನೋಡುವುದು ಸಾಲದು. ಆ ಉದ್ದನೆಯ ಬಾಲದ ವಿಷಯವನ್ನೇ ತೆಗೆದುಕೊಳ್ಳಿ. ಹೆಣ್ಣು ಉದ್ದ ಬಾಲದ ಗಂಡನ್ನೇ ಮೆಚ್ಚುವುದರಿಂದ ಬಾಲ ಉದ್ದವಾಗುತ್ತ ಬಂದಿತೆಂದು ಡಾರ್ವಿನ್ ಊಹಿಸಿದ್ದರು. ಸ್ವೀಡನ್ನಿನ ವಿಜ್ಞಾನಿ ಮಾಲ್ಟೆ ಆಂಡರ್ಸನ್ ಅವರು ಕೀನ್ಯಾದಲ್ಲಿ, ಅರ್ಧ ಮೀಟರಿನಷ್ಟು ಬಾಲ ಬಿಡುವ ವಿಡೋಬರ್ಡ್ ಎಂಬ ಹಕ್ಕಿಯ ಕೆಲವು ಗಂಡುಗಳ ಬಾಲವನ್ನು ಕತ್ತರಿಸಿ, ಆ ತುಂಡುಗಳನ್ನು ಬೇರೆ ಗಂಡುಗಳ ಬಾಲಕ್ಕೆ ಅಂಟಿಸಿದರು. ಇನ್ನು ಕೆಲವಕ್ಕೆ ತಮ್ಮದೇ ಬಾಲವನ್ನು ಕತ್ತರಿಸಿ ಮರಳಿ ಅಂಟಿಸಿದರು, ಏಕೆಂದರೆ ಕತ್ತರಿ ಮತ್ತು ಅಂಟಿನ ಪರಿಣಾಮವೇ ಬೇರೆಯಾಗಿ ತಿಳಿಯಬೇಕಿತ್ತು. ಬಾಲ ಉದ್ದವಾದವುಗಳ ನೆಲೆಯಲ್ಲಿ ಹೆಚ್ಚು ಹೊಸ ಗೂಡುಗಳು ಕಾಣಿಸಿಕೊಂಡವು. 1982ರಲ್ಲಿ ಪ್ರಕಟವಾದ ಈ ಕೆಲಸವನ್ನು ಓದಿದಾಗಲೆಲ್ಲ ನನಗೆ ಮೆಚ್ಚಿಗೆಯಾಗುವುದು ಆ ಮರಳಿ ಅಂಟಿಸಿದ ಬಾಲಗಳೇ.

ಪೊನ್ನಂಪೇಟೆಯಲ್ಲಿ ಓದಿದವನು:

ಅಕ್ಕ ವಿಜ್ಞಾನದ ಭಾಗವನ್ನು ಹೇಳಿದ್ದಾರೆ. ಹಣ ಮತ್ತು ವರ್ಷಗಳ ಲೆಕ್ಕವನ್ನು ನಾನು ಹೇಳುತ್ತೇನೆ.

ಪಿಯುಸಿಯ ನಂತರ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಎಂಬ ಸಂಸ್ಥೆಗಳ ಐದು ವರ್ಷದ ಬಿಎಸ್-ಎಂಎಸ್ ಒಂದು ದಾರಿ. ಸಾಮಾನ್ಯ ಬಿಎಸ್ಸಿ ಇನ್ನೊಂದು. ನಾನು ಹೋದಂತೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಮೂಲಕವೂ ಹೋಗಬಹುದು. ಸ್ನಾತಕೋತ್ತರಕ್ಕೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇದೆ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ವನ್ಯಜೀವಿ ಕೋರ್ಸ್ ಇದೆ. ಎನ್‌ಸಿಬಿಎಸ್‌ಗೆ ಎಂಜಿನಿಯರಿಂಗ್ ಮುಗಿಸಿ ಬಂದವರೂ ಸೇರಿದ್ದಾರೆ. ಬಳಿಕ ಪಿಎಚ್‌ಡಿಗೆ ಐದಾರು ವರ್ಷ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರ ವೇತನವಾದ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಹೊಟ್ಟೆ ತುಂಬುತ್ತದೆ, ನೆಂಟರಿಗೆ ಹಾಗೆಂದೇ ಹೇಳಿ. ಕಷ್ಟವಿರುವುದು ಪಿಎಚ್‌ಡಿ ಮುಗಿದ ಮೇಲೆ: ಎರಡೆರಡು ವರ್ಷದ ತಾತ್ಕಾಲಿಕ ಹುದ್ದೆಗಳು, ಊರಿಂದೂರಿಗೆ ಅಲೆದಾಟ, ಕಾಯಂ ಬೋಧಕ ಹುದ್ದೆಗೆ ದೊಡ್ಡ ಪೈಪೋಟಿ. ಮೂವತ್ತೈದು ದಾಟುವವರೆಗೂ ನೆಲೆ ನಿಲ್ಲದವರು ನನ್ನ ಸ್ನೇಹಿತರಲ್ಲಿ ಹಲವರಿದ್ದಾರೆ.

ಪುಸ್ತಕದಲ್ಲಿ ಇಲ್ಲದ ಇನ್ನೊಂದು ಮಾತು. ಹಕ್ಕಿಯನ್ನು ಬಲೆಯಲ್ಲಿ ಹಿಡಿದು ಕಾಲಿಗೆ ಬಣ್ಣದ ಉಂಗುರ ತೊಡಿಸಬೇಕಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಬೇಕಾದದ್ದೇ ಸರಿ. ಆದರೆ ನನ್ನ ಅರ್ಜಿ ಒಂದು ಕಚೇರಿಯ ಮೇಜಿನ ಮೇಲೆ ಏಳು ತಿಂಗಳು ಕುಳಿತಿತ್ತು. ಪತ್ರ ಕೈಸೇರಿದಾಗ ಗೂಡು ಕಟ್ಟುವ ಕಾಲ ಮುಗಿದು ಮಳೆ ಹಿಡಿದಿತ್ತು, ಒಂದು ವರ್ಷವೇ ಹೋಯಿತು. ಕಕ್ಕಡದ ಮಳೆಯಲ್ಲಿ ಜಿಗಣೆ ಕೀಳುತ್ತ ಕೂರುವ ಬದಲು ಆ ಬಿಡುವಿನಲ್ಲಿ ಸಂಖ್ಯಾಶಾಸ್ತ್ರ ಕಲಿತೆ. ಈ ಕೆಲಸದಲ್ಲಿ ಕಾಡಿನಷ್ಟೇ ಹೊತ್ತು ಕಂಪ್ಯೂಟರಿನ ಮುಂದೆ ಕಳೆಯುತ್ತದೆ. ಆದ್ದರಿಂದ ಮಗಳು ಗಣಿತವನ್ನು ಬಿಡದಿರಲಿ.

ಮಡಿಕೇರಿಯ ನಿವೃತ್ತ ಉಪನ್ಯಾಸಕ:

ವಿಕಾಸದ ಮಾತು ಬಂದಾಗ ಎಲ್ಲರೂ ಗಲಪಾಗೋಸ್ ದ್ವೀಪಗಳನ್ನೇ ನೆನೆಯುತ್ತಾರೆ, ತಪ್ಪಲ್ಲ. ಪೀಟರ್ ಮತ್ತು ರೋಸ್‌ಮೇರಿ ಗ್ರ್ಯಾಂಟ್ ದಂಪತಿಗಳು 1973ರಿಂದ ಅಲ್ಲಿನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ ವರ್ಷ ವರ್ಷವೂ ಹೋಗಿ ಫಿಂಚ್ ಹಕ್ಕಿಗಳ ಕೊಕ್ಕನ್ನು ಅಳೆದರು. 1977ರ ಬರದಲ್ಲಿ ಸಣ್ಣ ಬೀಜಗಳು ತೀರಿ ಗಟ್ಟಿ ಬೀಜಗಳು ಮಾತ್ರ ಉಳಿದಾಗ ದಪ್ಪ ಕೊಕ್ಕಿನವು ಹೆಚ್ಚಾಗಿ ಬದುಕಿದವು, ಮುಂದಿನ ಪೀಳಿಗೆಯ ಕೊಕ್ಕು ದಪ್ಪವಾಯಿತು. 1983ರ ಅತಿವೃಷ್ಟಿಯ ನಂತರ ಸಣ್ಣ ಬೀಜಗಳು ತುಂಬಿಕೊಂಡು ಗಾಳಿ ಸಣ್ಣ ಕೊಕ್ಕಿನವುಗಳ ಕಡೆಗೆ ತಿರುಗಿಬಿಟ್ಟಿತು. ಒಂದೆರಡು ವರ್ಷ ನೋಡಿ ಎದ್ದು ಬಂದಿದ್ದರೆ ಅರ್ಧ ಕಥೆಯೇ ಸತ್ಯವೆನಿಸುತ್ತಿತ್ತು.

ಆದರೆ ದ್ವೀಪ ನಮ್ಮಲ್ಲೂ ಇದೆ. ಸಮುದ್ರದ ಬದಲು ಕಣಿವೆಯ ಬಿಸಿಲು ಸುತ್ತುವರಿದ, ಬೆಟ್ಟದ ನೆತ್ತಿಯ ಶೋಲಾ ಕಾಡುಗಳು ಅವು. ನಮ್ಮ ಬ್ರಹ್ಮಗಿರಿಯ ಮೇಲ್ಭಾಗದಲ್ಲಿ ಇರುವ ಬಾಣಾಸುರದ ನಗೆಮಲ್ಲ ಎಂಬ ಹಕ್ಕಿ, ವಯನಾಡಿನ ಎತ್ತರದ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈ ನಗೆಮಲ್ಲಗಳ ಡಿಎನ್‌ಎ ಪರಿಶೀಲಿಸಿದ ಭಾರತದ ಮತ್ತು ಹೊರದೇಶಗಳ ವಿಜ್ಞಾನಿಗಳ ತಂಡ, ಅವು ಹಿಮಾಲಯದ ನಗೆಮಲ್ಲಗಳ ಕುಲಕ್ಕೆ ಸೇರುವುದಿಲ್ಲವೆಂದು ತೋರಿಸಿ, 2017ರಲ್ಲಿ ಮಾಂಟೆಸಿಂಕ್ಲಾ ಎಂಬ ಹೊಸ ಕುಲವನ್ನೇ ಹೆಸರಿಸಿತು. ಪಾಲ್ಘಾಟಿನ ಕಣಿವೆಯ ಈಚೆಗೆರಡು, ಆಚೆಗೆರಡು ಜಾತಿಗಳಾಗಿ ಇವು ಕವಲೊಡೆದಿವೆ. ನಮ್ಮ ಅಜ್ಜಂದಿರು ಕೋವಿ ಹಿಡಿದು ಇದೇ ಬೆಟ್ಟಗಳನ್ನು ಹತ್ತಿದವರು, ಕೂಗಿನಿಂದಲೇ ಹಕ್ಕಿಯನ್ನು ಹೇಳುತ್ತಿದ್ದರು. ಈ ಪ್ರಶ್ನೆ ಮಾತ್ರ ಅವರಿಗೆ ಹೊಳೆದಿರಲಿಲ್ಲ, ನನಗೂ ಮೂವತ್ತು ವರ್ಷ ಪಾಠ ಮಾಡಿದರೂ ಹೊಳೆಯಲಿಲ್ಲ.

ಪದವಿಯ ಬಗ್ಗೆ ಒಂದು ಮಾತು. ಪಕ್ಷಿತಜ್ಞ ಸಲೀಂ ಅಲಿ ಅವರು ಬರ್ಲಿನಿನಲ್ಲಿ ತರಬೇತಿ ಪಡೆದು 1930ರಲ್ಲಿ ಮರಳಿದಾಗ ಇದ್ದ ಕೆಲಸವೂ ಹೋಗಿತ್ತು. ಅವರು ಮುಂಬೈ ಬಳಿಯ ಕಿಹಿಮ್‌ನ ಮನೆಯ ಬಳಿಯ ಗೀಜಗಗಳನ್ನು ನೋಡುತ್ತ ಕುಳಿತು, ಗಂಡು ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಪರೀಕ್ಷಿಸಿ ಒಪ್ಪುತ್ತದೆಂದೂ, ಒಪ್ಪಿದ ಮೇಲೆ ಗಂಡು ಇನ್ನೊಂದು ಹೆಣ್ಣಿಗಾಗಿ ಮತ್ತೊಂದು ಗೂಡು ಶುರುಮಾಡುತ್ತದೆಂದೂ ಕಂಡುಕೊಂಡರು. ಆ ಕಾಲ ಬೇರೆ. ಇಂದು ಪದವಿ ಬೇಕೇ ಬೇಕು.

ಕಕ್ಕಬ್ಬೆಯ ಬೆಳೆಗಾರ:

ಮೂವರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮಗಳಿಗೂ ಅವಳ ತಾಯಿಗೂ ಓದಿ ಹೇಳಿದೆ. ನೀಟ್ ಪರೀಕ್ಷೆಯ ಜೊತೆಗೆ ಐಸರ್‌ನ ಪ್ರವೇಶ ಪರೀಕ್ಷೆಯನ್ನೂ ಬರೆಯುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ.

ಮಗಳು ಹೊಸ ಕಾಲಮ್ ಎಳೆದು ಹತ್ತು ದಿನವಾಯಿತು. ಬೆಕ್ಕಿನ ಕೂಗು ಆರು ಸಲ ಬಂದಿದೆ. ಅದರಲ್ಲಿ ಐದು ಸಲ ಬೆಕ್ಕು ಕಣದಲ್ಲೇ ಇತ್ತು. ಆರನೆಯ ಸಾಲಿನ ಎದುರು "ಯಾರೂ ಇಲ್ಲ" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ, ಮತ್ತು ನಾಳೆಯಿಂದ ಬೆಳಿಗ್ಗೆ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಬಹುದೇ ಎಂದು ಕೇಳುತ್ತಿದ್ದಾಳೆ.