ಸಹಾಯ ಬೇಕು: ಪಕ್ಕದ ಲೇಔಟ್ ನೀರು ನಮ್ಮ ಮನೆಗೆ ನುಗ್ಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಹೊಲದಲ್ಲಿ ಹೊಸ ಲೇಔಟ್ ಆಗುತ್ತಿದೆ. ಮಣ್ಣು ತುಂಬಿ ನಮ್ಮ ಅಂಗಳಕ್ಕಿಂತ ಮೂರು ಅಡಿ ಎತ್ತರ ಮಾಡಿದ್ದಾರೆ. ಮೊದಲು ಮಳೆನೀರು ಬದುವಿನ ಪಕ್ಕದ ಹಳ್ಳದಲ್ಲಿ ಕೆರೆಗೆ ಹೋಗುತ್ತಿತ್ತು. ಈಗ ಆ ಹಳ್ಳವೇ ಮುಚ್ಚಿಹೋಗಿದೆ. ಮೊನ್ನೆ ಅರ್ಧ ಗಂಟೆ ಮಳೆಗೇ ಕೆಂಪು ನೀರು ಅಡುಗೆಮನೆ ಹೊಸಿಲು ದಾಟಿ ಅಕ್ಕಿ ಮೂಟೆ ನೆನೆಯಿತು. ಅಮ್ಮ ರಾತ್ರಿಯೆಲ್ಲ ಮಲಗಲಿಲ್ಲ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಲೇಔಟ್‌ಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು, ಅಲ್ವಾ? ನಕ್ಷೆಯಲ್ಲಿ ಚರಂಡಿ ಎಲ್ಲಿದೆ ಅಂತ ನೋಡಲು 10 ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕುತ್ತಿದ್ದೇನೆ. ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಮಳೆ ಜಾಸ್ತಿಯಾಗುತ್ತದೆ.

ನೆಲದ ಮಟ್ಟದ ಬಗ್ಗೆ ಯಾವ ದಾಖಲೆ ಕೇಳಬೇಕು? ಹಳ್ಳ ಗ್ರಾಮ ನಕಾಶೆಯಲ್ಲಿದ್ದರೆ ತಹಶೀಲ್ದಾರರಿಗೂ ದೂರು ಕೊಡಲೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.