60 ಜನರ ತಂಡಕ್ಕೆ ಹೆಸರು ಹಾಕಿಸಿದ ಸೇಫ್ಟಿ ಜಾಕೆಟ್: ಮಾಡಿಸಿದವರು ಅನುಭವ ತಿಳಿಸಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಹೆಬ್ಬಾಳದಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಕೇಬಲ್ ಹೂಳುವ ಕೆಲಸವನ್ನು ನಮ್ಮ ಸಣ್ಣ ಸಂಸ್ಥೆ ಒಪ್ಪಿಕೊಂಡಿದೆ. ಕೆಲಸ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಡೆಯುತ್ತದೆ. ಬೆನ್ನಿನ ಮೇಲೆ ಕನ್ನಡದಲ್ಲಿ ಸಂಸ್ಥೆಯ ಹೆಸರಿರುವ 60 ಜಾಕೆಟ್‌ಗಳು ಮಳೆಗಾಲಕ್ಕೆ ಮೊದಲು ಬೇಕು. ಒಂದಕ್ಕೆ 150 ರೂಪಾಯಿ ತೆಗೆದಿಟ್ಟಿದ್ದೇನೆ. ಹಳದಿ ಒಳ್ಳೆಯದೋ ಕಿತ್ತಳೆಯೋ, ಸಿದ್ಧ ಜಾಕೆಟ್ ತಂದು ಮುದ್ರಣ ಮಾಡಿಸಬೇಕೋ ಹೊಲಿಸಬೇಕೋ, ದಯವಿಟ್ಟು ತಿಳಿಸಿ.

ಯಲಹಂಕದ ಡಾಂಬರು ಗುತ್ತಿಗೆದಾರ:
ಬಣ್ಣವನ್ನು ಆಮೇಲೆ ನೋಡೋಣ, ಮೊದಲು ಟೇಪು, ಅಂದರೆ ದೀಪ ಬಿದ್ದಾಗ ಹೊಳೆಯುವ ಪಟ್ಟಿ, ನೋಡಿ. 2022ರ ನವೆಂಬರಿನಲ್ಲಿ ನಾನು 120 ಜಾಕೆಟ್‌ಗಳನ್ನು ತಲಾ 68 ರೂಪಾಯಿಯಂತೆ 8,160 ರೂಪಾಯಿ ಕೊಟ್ಟು ತಂದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಪಟ್ಟಿಗಳು ಬೆಳ್ಳಿಯ ಹಾಗೆ ಮಿನುಗುತ್ತಿದ್ದವು, ನಾನು ಮೋಸಹೋದದ್ದೇ ಅಲ್ಲಿ. ಫೆಬ್ರವರಿಯ ಒಂದು ರಾತ್ರಿ ಬಳ್ಳಾರಿ ರಸ್ತೆಯಲ್ಲಿ ಡಾಂಬರು ಹಾಕುತ್ತಿದ್ದಾಗ ಟೆಂಪೊ ಒಂದು ಕೋನ್‌ಗಳ ಸಾಲಿನೊಳಕ್ಕೆ ನುಗ್ಗಿ, ಬಾವುಟ ಹಿಡಿದು ನಿಂತಿದ್ದ ಹುಡುಗನಿಂದ ಎರಡು ಮಾರು ಈಚೆಗೆ ಬ್ರೇಕ್ ಹಾಕಿ ನಿಂತಿತು. ಚಾಲಕ ಕುಡಿದಿರಲಿಲ್ಲ. ‘ಅಣ್ಣಾ, ಕೋನ್ ಕಂಡಿತು, ಮನುಷ್ಯ ಕಾಣಲಿಲ್ಲ’ ಎಂದು ನಡುಗುತ್ತಾ ಹೇಳಿದ. ಅದೇ ಟೆಂಪೊದ ಸೀಟಿನಲ್ಲಿ ಕುಳಿತು, ಹೆಡ್‌ಲೈಟ್ ಹಾಕಿಸಿ, ಹುಡುಗನನ್ನು ಐವತ್ತು ಹೆಜ್ಜೆ ಹಿಂದಕ್ಕೆ ಕಳುಹಿಸಿ ನೋಡಿದೆ. ಕೋನಿನ ಪಟ್ಟಿ ಬೆಂಕಿಯಂತೆ ಉರಿಯುತ್ತಿತ್ತು. ಅವನ ಎದೆಯ ಮೇಲಿನ ಪಟ್ಟಿ ಬೂದಿ ಬಣ್ಣದ ಬರೀ ಬಟ್ಟೆಯಾಗಿತ್ತು. ಕೊಂಡು ಮೂರು ತಿಂಗಳು ಆಗಿತ್ತು, ಅಷ್ಟೇ.

ಹೊಳೆಯುವ ಹಳದಿ ಬಟ್ಟೆ ಕೆಲಸ ಮಾಡುವುದು ಹಗಲಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಹೀರಿ ಅದು ಕಣ್ಣಿಗೆ ಕಾಣುವ ಬೆಳಕಾಗಿ ಹೊರಹಾಕುತ್ತದೆ. ಆ ಕಿರಣವಿಲ್ಲದ ರಾತ್ರಿಯಲ್ಲಿ ಬಟ್ಟೆಯಿಂದ ಏನೂ ಪ್ರಯೋಜನವಿಲ್ಲ, ಉಳಿಸುವುದು ಟೇಪು ಮಾತ್ರ. ಇಂಥ ಜಾಕೆಟ್‌ಗಳಿಗಿರುವ ಯುರೋಪಿನ ಮಾನದಂಡ ಇಎನ್ ಐಎಸ್‌ಒ 20471ರ ಎರಡನೆಯ ದರ್ಜೆಗೆ 0.13 ಚದರ ಮೀಟರ್ ಟೇಪು ಇರಲೇಬೇಕು, ಅಂದರೆ 5 ಸೆಂಟಿಮೀಟರ್ ಅಗಲದ ಪಟ್ಟಿಯಾದರೆ 2 ಮೀಟರ್ 60 ಸೆಂಟಿಮೀಟರ್ ಉದ್ದ. ನನ್ನ 68 ರೂಪಾಯಿಯ ಜಾಕೆಟ್ಟಿನ ಟೇಪನ್ನು ಬಿಚ್ಚಿ ಅಳೆದಾಗ ಸಿಕ್ಕಿದ್ದು ಒಂದೂವರೆ ಮೀಟರ್, ಅಗಲ ಒಂದೇ ಇಂಚು. ಮತ್ತೆ 120 ಜಾಕೆಟ್‌ಗಳನ್ನು ತಲಾ 215 ರೂಪಾಯಿಗೆ ಮಾಡಿಸಿದೆ. 25,800 ರೂಪಾಯಿ ಆಯಿತು. ಆ ಹುಡುಗ ಈಗಲೂ ನನ್ನ ಜೊತೆಯಲ್ಲೇ ಇದ್ದಾನೆ.

ಬೊಮ್ಮನಹಳ್ಳಿಯ ಹೊಲಿಗೆ ಘಟಕದವರು:
ಮೇಲಿನವರು ಮೋಸಹೋದೆ ಎನ್ನುತ್ತಾರೆ, ನನಗೆ ನೋವಾಗುವುದು ಆ ಮಾತಿಗೇ. ಹಲವು ಬಾರಿ ತೊಳೆದರೂ ನಿಲ್ಲುವ ಟೇಪು ನನಗೆ ಮೀಟರಿಗೆ 28 ರೂಪಾಯಿ ಬೀಳುತ್ತದೆ. ಅವರೇ ಹೇಳಿದ 2.6 ಮೀಟರಿಗೆ 72 ರೂಪಾಯಿ 80 ಪೈಸೆ ಆಯಿತು. ಬಟ್ಟೆ, ಜಿಪ್, ಅಂಚುಪಟ್ಟಿ, ಹೊಲಿಗೆಯ ಕೂಲಿ, ಯಾವುದನ್ನೂ ಸೇರಿಸದೆ ಟೇಪೊಂದೇ ಅವರ ಇಡೀ ಜಾಕೆಟ್ಟಿನ ಬೆಲೆಯನ್ನು ದಾಟಿತು. 68 ರೂಪಾಯಿಗೆ ಒತ್ತಾಯಿಸಿದವರು ಯಾರು? ನನ್ನ ಘಟಕಕ್ಕೂ ಪ್ರತಿ ವಾರ ಗುತ್ತಿಗೆದಾರರು ಬಂದು, ‘ಪಕ್ಕದವನು 55ಕ್ಕೆ ಕೊಡುತ್ತಾನೆ’ ಎಂದು ಹೇಳಿ ಎದ್ದು ಹೋಗುತ್ತಾರೆ. ಒಳ್ಳೆಯ ಟೇಪು ಹಾಕಿ ಹೊಲಿದಿಟ್ಟ 400 ಜಾಕೆಟ್‌ಗಳು ನನ್ನಲ್ಲಿ ಎಂಟು ತಿಂಗಳು ಕೊಳೆತವು, 46,000 ರೂಪಾಯಿ ಸಿಕ್ಕಿಬಿತ್ತು, ಬಡ್ಡಿ ಬೇರೆ.

ಮತ್ತೊಂದು ಮಾತನ್ನು ಅವರು ಹೇಳಲಿಲ್ಲ: ಜಾಕೆಟ್‌ಗಳನ್ನು ಹೇಗೆ ಒಗೆಸಿದರು? ಟೇಪಿನ ಮೇಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಮತ್ತು ಅವುಗಳ ಬೆನ್ನಿಗೆ ಅಲ್ಯೂಮಿನಿಯಂ ಲೇಪ. ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಬ್ರಶ್ಶಿನಿಂದ ಉಜ್ಜಿದರೆ 215 ರೂಪಾಯಿಯದೂ ಉಳಿಯುವುದಿಲ್ಲ. ಪರೀಕ್ಷೆ ಬಹಳ ಸುಲಭ. ಕತ್ತಲೆಯಲ್ಲಿ ಮೊಬೈಲಿನ ದೀಪವನ್ನು ಕಣ್ಣಿನ ಪಕ್ಕದಲ್ಲೇ, ಕೆನ್ನೆಗೆ ಒತ್ತಿ ಹಿಡಿದು ಹತ್ತು ಹೆಜ್ಜೆ ದೂರದಿಂದ ನೋಡಬೇಕು. ಟೇಪು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುವುದರಿಂದ ದೀಪವನ್ನು ಸೊಂಟದ ಹತ್ತಿರ ಹಿಡಿದರೆ ಒಳ್ಳೆಯ ಟೇಪೂ ಮಂಕಾಗಿಯೇ ಕಾಣುತ್ತದೆ.

ಯಲಹಂಕದ ಡಾಂಬರು ಗುತ್ತಿಗೆದಾರ:
ಬ್ಲೀಚಿಂಗ್ ಪುಡಿಯನ್ನು ನಾವು ಮುಟ್ಟಿಯೂ ಇಲ್ಲ ಸ್ವಾಮಿ. ಡಾಂಬರಿನ ಕಲೆಗೆ ಸೀಮೆಎಣ್ಣೆ ಹಾಕಿ ಉಜ್ಜಿದ್ದು ನಿಜ. ಅದನ್ನು ಮಾಡಬಾರದೆಂದು ಮಾರಿದವರು ಒಂದು ಚೀಟಿಯಲ್ಲಾದರೂ ಬರೆದು ಅಂಟಿಸಬೇಕಿತ್ತು.

ರಾಜಾಜಿನಗರದಿಂದ, ಒಳಚರಂಡಿ ಕಾಮಗಾರಿ:
ಟೇಪಿನ ಜಗಳ ನಡೆಯಲಿ, ನನ್ನ ಗಾಯ ಮುದ್ರಣದ್ದು. ಕಳೆದ ವರ್ಷ 150 ಜಾಕೆಟ್‌ಗಳ ಬೆನ್ನಿಗೆ ‘ರಾತ್ರಿ ಕಾಮಗಾರಿ’ ಎಂದೂ ಅದರ ಕೆಳಗೆ ಸಂಸ್ಥೆಯ ಹೆಸರನ್ನೂ ಹಾಕಿಸಿದೆ. ಜಾಕೆಟ್ 135ರಂತೆ 20,250. ಮುದ್ರಣ 14ರಂತೆ 2,100. ಮುದ್ರಿಸುವ ಅಚ್ಚಿಗೆ, ಅಂದರೆ ಎರಡು ಸ್ಕ್ರೀನಿಗೆ, ತಲಾ 450ರಂತೆ 900. ಶೇಕಡಾ 5 ಜಿಎಸ್‌ಟಿ ಸೇರಿ 24,412 ರೂಪಾಯಿ 50 ಪೈಸೆ. ಅಕ್ಷರಗಳನ್ನು ನಾನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಜೋಡಿಸಿ ಕಳುಹಿಸಿದ್ದೆ. ಮುದ್ರಣದವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ತೆರೆದಾಗ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಂಡಿದೆ. ನನಗೊಂದು ಫೋನ್ ಮಾಡುವ ಬದಲು ಅವರೇ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದಾರೆ, ಅವರ ಹಳೆಯ ತಂತ್ರಾಂಶ ಒತ್ತಕ್ಷರವನ್ನು ಒಡೆದುಹಾಕಿದೆ. ಬಂದ 150 ಜಾಕೆಟ್‌ಗಳ ಮೇಲೂ ‘ರಾತ್‌ರಿ ಕಾಮಗಾರಿ’ ಎಂದೇ ಇತ್ತು. ಬೆಂಗಳೂರಿನ ನಡುಬೀದಿಯಲ್ಲಿ, ಕನ್ನಡದ ಹುಡುಗರ ಬೆನ್ನಿನ ಮೇಲೆ ಹಾಗೆ ಒಡೆದ ಕನ್ನಡ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರ ಮೇಲೆ ಹಳದಿ ಚೌಕ ಮುದ್ರಿಸಿ ಮುಚ್ಚಿ, ಮತ್ತೆ ಬರೆಸಲು ಇನ್ನೂ 3,900 ರೂಪಾಯಿ ಹೋಯಿತು. ಬೇಸಿಗೆ ಬಂದ ಕೂಡಲೇ ಆ ದಪ್ಪ ಮುದ್ರಣ ಬೆನ್ನಿಗೆ ಅಂಟಿಕೊಂಡು ಎಲ್ಲರೂ ಗೊಣಗಿದರು. ಅಕ್ಷರಗಳನ್ನು ಕರ್ವ್ಸ್ ಮಾಡಿಸಿದ, ಅಂದರೆ ಫಾಂಟ್ ಬೇಡದಂತೆ ಗೆರೆಗಳಾಗಿ ಬದಲಿಸಿದ, ಪಿಡಿಎಫ್ ಕಳುಹಿಸಿ, ಒಂದೇ ಒಂದು ಜಾಕೆಟ್ ಮುದ್ರಿಸಿ ತರಿಸಿ, ಕನ್ನಡ ಓದಬಲ್ಲ ಇಬ್ಬರು ಅದನ್ನು ನೋಡಿ ಒಪ್ಪುವವರೆಗೆ ಉಳಿದದ್ದನ್ನು ಮುಟ್ಟಲು ಬಿಡಬೇಡಿ.

ಜಯನಗರದಿಂದ, ಸ್ವಚ್ಛತಾ ತಂಡದ ಮೇಲ್ವಿಚಾರಕಿ:
ಇಲ್ಲಿಯವರೆಗೆ ಬರೆದವರೆಲ್ಲರ ತಂಡದಲ್ಲಿ ಗಂಡಸರೇ ಇದ್ದಾರೆಂದು ಕಾಣುತ್ತದೆ. ನನ್ನ ತಂಡದಲ್ಲಿ 38 ಹೆಂಗಸರು ಮತ್ತು 9 ಗಂಡಸರು. ಎಲ್ಲರಿಗೂ ಒಂದೇ ಅಳತೆ ಎಂದು ಮಾರಿದ ಜಾಕೆಟ್, ಸೀರೆ ಉಟ್ಟು ಅದರ ಮೇಲೊಂದು ಅಂಗಿ ತೊಟ್ಟರೆ, ಅದರ ಮೇಲೆ ಹೇಗೆ ಕೂರುತ್ತದೆಂದು ಅಂಗಡಿಯವರು ಒಮ್ಮೆಯೂ ಯೋಚಿಸಿಲ್ಲ. ವೆಲ್ಕ್ರೊ ಮೂರು ವಾರಗಳಲ್ಲಿ ಸೆರಗಿನ ನೂಲನ್ನೂ ಕೂದಲನ್ನೂ ಹಿಡಿದುಕೊಂಡು ಅಂಟುವುದನ್ನೇ ನಿಲ್ಲಿಸಿತು. ಎದೆ ತೆರೆದುಕೊಂಡರೆ ಮುಂದಿನ ಟೇಪು ಪಕ್ಕಕ್ಕೆ ಸರಿಯುತ್ತದೆ, ಎದುರಿನಿಂದ ಬರುವ ಬಸ್ಸಿಗೆ ಅದು ಇದ್ದೂ ಇಲ್ಲದಂತೆ. ನಮ್ಮ ಹಿರಿಯಕ್ಕ ಒಬ್ಬರು ಎಲೆಅಡಿಕೆಗೂ ಮೊಬೈಲಿಗೂ ಜಾಗವಿಲ್ಲವೆಂದು ಮಗನ ಹಳೆಯ ಪ್ಯಾಂಟಿನ ಜೇಬನ್ನು ಕತ್ತರಿಸಿ, ಕಪ್ಪು ದಾರದಲ್ಲಿ ಅಚ್ಚುಕಟ್ಟಾಗಿ ಜಾಕೆಟ್ಟಿಗೆ ಹೊಲಿದುಕೊಂಡಿದ್ದರು. ಹೊಲಿದದ್ದು ಸರಿಯಾಗಿ ಟೇಪಿನ ಮೇಲೆ. ಬೈಯಲು ಮನಸ್ಸು ಬರಲಿಲ್ಲ, ಜೇಬಿಲ್ಲದ ಜಾಕೆಟ್ ಕೊಡಿಸಿದ ತಪ್ಪು ನನ್ನದು. ಮರುವರ್ಷ ಮೂರು ಅಳತೆಗಳಲ್ಲಿ, ಜಿಪ್ ಮತ್ತು ಎರಡು ಜೇಬುಗಳಿರುವಂತೆ ತಲಾ 190ಕ್ಕೆ ಹೊಲಿಸಿದೆವು. ಬಣ್ಣ ಹಳದಿ. ನಮ್ಮ ರಸ್ತೆಗಳಲ್ಲಿ ಕೋನ್, ಬ್ಯಾರಿಕೇಡು, ಜಾಲರಿ ಎಲ್ಲವೂ ಕಿತ್ತಳೆಯಾಗಿರುವುದರಿಂದ ಕಿತ್ತಳೆ ಜಾಕೆಟ್ ತೊಟ್ಟವರು ಅವುಗಳ ನಡುವೆ ಕರಗಿಹೋಗುತ್ತಾರೆ.

ಪೀಣ್ಯದಿಂದ, ಗೋದಾಮು ಕಾರ್ಮಿಕರ ಗುತ್ತಿಗೆ:
ನಾವು ತಲಾ 160 ಖರ್ಚು ಮಾಡಿ, ಮೊದಲ ತಿಂಗಳ ಸಂಬಳದಲ್ಲಿ 100 ರೂಪಾಯಿ ಹಿಡಿದೆವು. ಆಮೇಲೆ ಒಂದು ಜಾಕೆಟ್ಟೂ ಕಳೆದಿಲ್ಲ. ಪುಕ್ಕಟೆ ಕೊಟ್ಟಾಗ ವರ್ಷಕ್ಕೆ 80ರಲ್ಲಿ 35 ಕಾಣೆಯಾಗುತ್ತಿದ್ದವು.

ಜಯನಗರದಿಂದ, ಸ್ವಚ್ಛತಾ ತಂಡದ ಮೇಲ್ವಿಚಾರಕಿ:
ಇದನ್ನು ಹೆಮ್ಮೆಯಿಂದ ಬರೆಯುತ್ತೀರಲ್ಲ! 1996ರ ನಿರ್ಮಾಣ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಕೆಲಸಗಾರರ ಸುರಕ್ಷತೆಯ ಹೊಣೆ ಕೆಲಸ ಕೊಟ್ಟವರ ಮೇಲಿದೆ, ಗೋದಾಮಿನವರಿಗೂ ನ್ಯಾಯ ಬೇರೆಯಲ್ಲ. ಪ್ರಾಣ ಕಾಯುವ ಬಟ್ಟೆಗೆ ಕೂಲಿಯವರಿಂದ ಹಣ ಹಿಡಿಯುವುದು ಯಾವ ಲೆಕ್ಕ?

ಪೀಣ್ಯದಿಂದ, ಗೋದಾಮು ಕಾರ್ಮಿಕರ ಗುತ್ತಿಗೆ:
ತಾವು ಸಂಬಳಕ್ಕೆ ಕೆಲಸ ಮಾಡುವವರು, ಬಿಲ್ಲು ಪಾಸಾಗಲು ಐದು ತಿಂಗಳು ಕಾದು ನೋಡಿಲ್ಲ. ಕೆಲಸ ಬಿಟ್ಟು ಹೋಗುವಾಗ ಜಾಕೆಟ್ ಹಿಂದಿರುಗಿಸಿದವರಿಗೆ ಆ 100 ರೂಪಾಯಿಯನ್ನು ವಾಪಸು ಕೊಟ್ಟಿದ್ದೇನೆ, ಅದನ್ನೂ ಕೇಳಿ ಆಮೇಲೆ ಮಾತನಾಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮೂರು ಮಾದರಿಗಳನ್ನು ತಂದು ನಮ್ಮ ಶೆಡ್ಡಿನ ಹಿಂದೆ ದೀಪವನ್ನು ಕೆನ್ನೆಗೆ ಹಿಡಿದು ನೋಡಿದೆ. 95 ರೂಪಾಯಿಯದು ಮಂಕಾಗಿತ್ತು. 140ರದು ಚೆನ್ನಾಗಿ ಹೊಳೆಯಿತು, ಆದರೆ ಟೇಪು 1 ಮೀಟರ್ 80 ಮಾತ್ರ. 205ರದು 2 ಮೀಟರ್ 65 ಇದೆ, ಇಂಥ ಜಾಕೆಟ್‌ಗಳಿಗಿರುವ ಭಾರತೀಯ ಮಾನದಂಡ ಐಎಸ್ 15809 ಎಂಬ ಚೀಟಿಯೂ ಇದೆ. ನನ್ನ ಬಳಿ ಇರುವುದು 9,000 ರೂಪಾಯಿ, 205ರಂತೆ 60ಕ್ಕೆ 12,300 ಬೇಕು. ಸದ್ಯಕ್ಕೆ ರಸ್ತೆಯ ಅಂಚಿನಲ್ಲಿ ನಿಲ್ಲುವ 24 ಜನರಿಗೆ ಮಾತ್ರ 205ರದನ್ನು ಕೊಟ್ಟು, ಗುಂಡಿಯೊಳಗೆ ಕೆಲಸ ಮಾಡುವ 36 ಜನರಿಗೆ 95ರದನ್ನೇ ಕೊಡಲೇ ಎಂದು ಯೋಚಿಸುತ್ತಿದ್ದೇನೆ.

ಯಲಹಂಕದ ಡಾಂಬರು ಗುತ್ತಿಗೆದಾರ:
ಹಾಗೆ ಮಾಡಬೇಡಿ. ಗುಂಡಿಯವರು ಇಡೀ ರಾತ್ರಿ ಗುಂಡಿಯಲ್ಲೇ ಇರುವುದಿಲ್ಲ. ಮೂರು ಗಂಟೆಗೆ ಟೀ ಬಂದಾಗ, ಕ್ಯಾನ್ ಆಚೆ ಬದಿಯಲ್ಲಿದ್ದರೆ ಎಲ್ಲರೂ ರಸ್ತೆ ದಾಟುತ್ತಾರೆ. ಹೆಸರಿನ ಮುದ್ರಣವನ್ನು ಈ ಸಲ ಬಿಡಿ, 205ರದನ್ನೇ 60 ತನ್ನಿ, ಕಡಿಮೆ ಬೀಳುವ 3,300 ರೂಪಾಯಿಗೆ ಅಂಗಡಿಯವರಲ್ಲಿ ಒಂದು ತಿಂಗಳ ಸಾಲ ಕೇಳಿ ನೋಡಿ. ನನಗೆ ಎರಡನೆಯ ಸಲ ಹಾಗೆಯೇ ಕೊಟ್ಟರು.